ಸಾಮ್ಯವೆಂಬ ಸಾಕ್ಷ್ಯ: ಮಕ್ಕಳ ಫ್ಯಾಂಟಸಿ ಕಾದಂಬರಿಗಳು ಮತ್ತು ಕೃತಿಚೌರ್ಯದ ಆರೋಪ

ಕನ್ನಡಕ ತೊಟ್ಟ, ಕಪ್ಪು ಕೂದಲಿನ ಹುಡುಗ. ಅವನ ಬಳಿ ಒಂದು ಗೂಬೆ. ತಾನು ದೊಡ್ಡ ಮಾಂತ್ರಿಕನಾಗಬಲ್ಲೆ ಎಂಬುದು ಅವನಿಗೇ ಹೊಸ ಸುದ್ದಿ. ಇಷ್ಟು ಹೇಳಿದರೆ ಇಂದಿನ ಓದುಗರು ಹ್ಯಾರಿ ಪಾಟರ್ ಎಂದುಬಿಡುತ್ತಾರೆ. ಆದರೆ ಈ ಲಕ್ಷಣಗಳೆಲ್ಲ ಟಿಮತಿ ಹಂಟರ್ ಎಂಬ ಹುಡುಗನಿಗೂ ಸಲ್ಲುತ್ತವೆ. ನೀಲ್ ಗೈಮನ್ ಅವರ ‘ದಿ ಬುಕ್ಸ್ ಆಫ್ ಮ್ಯಾಜಿಕ್’ ಕಾಮಿಕ್ಸ್ ಮಾಲೆಯಲ್ಲಿ ಅವನು ಕಾಣಿಸಿಕೊಂಡದ್ದು 1990ರಲ್ಲಿ, ಜೆ.ಕೆ. ರೌಲಿಂಗ್ ಅವರ ಮೊದಲ ಕಾದಂಬರಿ ಹೊರಬಂದದ್ದು 1997ರಲ್ಲಿ. ಕಳವಿನ ಮಾತೆದ್ದಾಗ ಅದನ್ನು ಅಲ್ಲಗಳೆದವರು ಸ್ವತಃ ಗೈಮನ್. ತಾವಿಬ್ಬರೂ ಟಿ.ಎಚ್. ವೈಟ್ ಅವರಿಗೆ ಋಣಿಗಳು ಎಂಬುದು ಅವರ ನಿಲುವು. ವೈಟ್ ಅವರ ‘ದಿ ಸ್ವೋರ್ಡ್ ಇನ್ ದಿ ಸ್ಟೋನ್’ (1938) ಕಾದಂಬರಿಯಲ್ಲಿ ತನ್ನ ಹುಟ್ಟಿನ ಗುಟ್ಟು ತಿಳಿಯದೆ ಅನ್ಯರ ಆಶ್ರಯದಲ್ಲಿ ಬೆಳೆಯುವ ಹುಡುಗನಿದ್ದಾನೆ, ಮರ್ಲಿನ್ ಎಂಬ ಮಾಂತ್ರಿಕ ಗುರುವಿದ್ದಾನೆ, ಆ ಗುರುವಿಗೆ ಮಾತು ಬಲ್ಲ ಗೂಬೆಯೂ ಇದೆ. ಒಂದೇ ಮೂಲದಿಂದ ಬಂದ ಇಬ್ಬರನ್ನು ಎದುರುಬದುರು ನಿಲ್ಲಿಸಿ ಒಬ್ಬರು ಇನ್ನೊಬ್ಬರಿಂದ ಕದ್ದರು ಎನ್ನುವ ತರ್ಕ ಎಲ್ಲಿ ಎಡವುತ್ತದೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಮಕ್ಕಳ ಫ್ಯಾಂಟಸಿಯಲ್ಲಿ ಅತಿ ಹೆಚ್ಚು ಸದ್ದು ಮಾಡಿದ ಆರೋಪಗಳ ಹಿಂದೆ ಬಹುಮಟ್ಟಿಗೆ ನಿಜವಾದ ಎರವಲು ಇಲ್ಲ. ನಿಜವಾಗಿ ಆಳವಾದ ಎರವಲು ನಡೆದ ಕಡೆ ಸಾಮಾನ್ಯವಾಗಿ ಯಾರೂ ಆರೋಪ ಹೊರಿಸಲಿಲ್ಲ. ಈ ವೈಪರೀತ್ಯಕ್ಕೆ ಕಾರಣ ನಾವು ಸಾಮ್ಯವನ್ನು ಅಳೆಯುವ ಕ್ರಮದಲ್ಲೇ ಇದೆ ಎಂಬುದು ನನ್ನ ವಾದ.

ಆರೋಪಗಳು ಸಾಮಾನ್ಯವಾಗಿ ಪಟ್ಟಿಯ ರೂಪದಲ್ಲಿ ಬರುತ್ತವೆ. ಎಡಗಡೆ ಒಂದು ಕೃತಿಯ ಹೆಸರು, ವಸ್ತು, ಪ್ರಸಂಗಗಳು, ಬಲಗಡೆ ಇನ್ನೊಂದರವು. ಪಟ್ಟಿ ಮಾಡುವವರು ಹೋಲುವುದನ್ನಷ್ಟೇ ಆರಿಸಿಕೊಳ್ಳುತ್ತಾರೆ, ಹೋಲದ ನೂರು ಸಂಗತಿಗಳು ಹೊರಗುಳಿಯುತ್ತವೆ. ಅದಕ್ಕಿಂತ ಸೂಕ್ಷ್ಮವಾದ ದೋಷವೊಂದಿದೆ. ಎರಡು ಪ್ರಸಂಗಗಳನ್ನು ಒಂದೇ ಸಾಲಿನಲ್ಲಿ ಕೂರಿಸಬೇಕಾದರೆ ಎರಡನ್ನೂ ಸಾರಾಂಶಕ್ಕಿಳಿಸಬೇಕು, ಮತ್ತು ಸಾರಾಂಶ ಸಣ್ಣದಾದಷ್ಟೂ ಸಾಮ್ಯ ಹೆಚ್ಚುತ್ತದೆ. ಅಮೆರಿಕದ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ 1930ರ ನಿಕೋಲ್ಸ್ ಪ್ರಕರಣದ ತೀರ್ಪಿನಲ್ಲಿ ಗುರುತಿಸಿದ್ದು ಇದನ್ನೇ: ಒಂದು ನಾಟಕದಿಂದ ಘಟನೆಗಳನ್ನು ಕಳೆಯುತ್ತ ಹೋದಂತೆ ಉಳಿಯುವ ಚೌಕಟ್ಟು ಹೆಚ್ಚು ಹೆಚ್ಚು ಕೃತಿಗಳಿಗೆ ಹೊಂದುತ್ತದೆ, ಯಾವುದೋ ಒಂದು ಹಂತದ ಆಚೆಗೆ ಅದು ಯಾರೊಬ್ಬರ ಸ್ವತ್ತೂ ಆಗಿರುವುದಿಲ್ಲ. ನಮ್ಮ ಸುಪ್ರೀಂ ಕೋರ್ಟ್ ಆರ್.ಜಿ. ಆನಂದ್ ಪ್ರಕರಣದಲ್ಲಿ (1978) ನಾಟಕವೊಂದನ್ನು ಚಲನಚಿತ್ರವೊಂದರ ಜೊತೆ ತೂಗಿ, ವಿಚಾರಕ್ಕೂ ಕಥಾವಸ್ತುವಿಗೂ ಕೃತಿಸ್ವಾಮ್ಯವಿಲ್ಲ, ಅವುಗಳ ಅಭಿವ್ಯಕ್ತಿಗಷ್ಟೇ ಉಂಟು ಎಂದಿತು. ಮಾಂತ್ರಿಕರ ಶಾಲೆಯನ್ನೇ ನೋಡಿ. ಉರ್ಸುಲಾ ಲೆಗ್ವಿನ್ 1968ರಲ್ಲಿ ರೋಕ್ ದ್ವೀಪದಲ್ಲಿ ಅದನ್ನು ಕಟ್ಟಿದರು, ಜಿಲ್ ಮರ್ಫಿ 1974ರಲ್ಲಿ ‘ದಿ ವರ್ಸ್ಟ್ ವಿಚ್’ನಲ್ಲಿ, ಜೇನ್ ಯೋಲೆನ್ 1991ರಲ್ಲಿ ‘ವಿಜರ್ಡ್ಸ್ ಹಾಲ್’ನಲ್ಲಿ. ಇದಕ್ಕೆಲ್ಲ ಮುಂಚೆಯೇ ಥಾಮಸ್ ಹ್ಯೂಸ್ 1857ರ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಮೂಲಕ ವಸತಿಶಾಲೆಯ ಕಥೆಗೆ ಅಚ್ಚು ಹಾಕಿಕೊಟ್ಟಿದ್ದರು. ಆ ಅಚ್ಚಿಗೂ ಮಾಟದ ಕಥೆಗೂ ನಂಟು ಬೆಳೆದದ್ದರಲ್ಲಿ ಅಚ್ಚರಿಯಿಲ್ಲ.

ಹಾಗಾದರೆ ಅಳೆಯುವುದು ಹೇಗೆ? ಒಂಬತ್ತನೆಯ ಶತಮಾನದ ಆನಂದವರ್ಧನ ‘ಧ್ವನ್ಯಾಲೋಕ’ದ ಕೊನೆಯ ಉದ್ಯೋತದಲ್ಲಿ ಕವಿಗಳ ನಡುವಿನ ಸಾಮ್ಯವನ್ನು ಸಂವಾದವೆಂದು ಕರೆದು ಮೂರಾಗಿ ವಿಂಗಡಿಸಿದ್ದಾನೆ: ಕನ್ನಡಿಯ ಪ್ರತಿಬಿಂಬದಂಥದು, ಚಿತ್ರದಂಥದು, ಒಬ್ಬನನ್ನು ಹೋಲುವ ಇನ್ನೊಬ್ಬನಂಥದು. ಮೊದಲೆರಡನ್ನು ಕವಿ ಬಿಡಬೇಕು. ಮೂರನೆಯದಕ್ಕೆ ತನ್ನದೇ ಜೀವವಿರುವುದರಿಂದ ಅದು ಸಲ್ಲುತ್ತದೆ. ರಾಜಶೇಖರ ‘ಕಾವ್ಯಮೀಮಾಂಸೆ’ಯಲ್ಲಿ ಈ ವಿಂಗಡಣೆಯನ್ನು ಬೆಳೆಸಿ, ಶಬ್ದಹರಣ ಅರ್ಥಹರಣಗಳಿಗೆಂದೇ ಅಧ್ಯಾಯಗಳನ್ನು ಮೀಸಲಿಟ್ಟ. ಈ ವಿಂಗಡಣೆ ನನಗೆ ಮುಖ್ಯವೆನಿಸುವುದು ಅದು ‘ಏನು ಹೋಲುತ್ತದೆ’ ಎಂಬಲ್ಲಿಗೆ ನಿಲ್ಲದೆ ‘ಹೋಲಿಕೆಯ ಒಳಗೆ ಜೀವವಿದೆಯೇ’ ಎಂದು ಕೇಳುವುದರಿಂದ. ಕಾದಂಬರಿಗೆ ಅನ್ವಯಿಸುವಾಗ ನಾನು ಇದನ್ನು ಎರಡು ಪ್ರಶ್ನೆಗಳಾಗಿ ಮಾಡಿಕೊಳ್ಳುತ್ತೇನೆ. ಹೋಲುವ ಅಂಶಗಳು ಒಂದರ ಹಿಂದೊಂದು ಬರುವ ಕ್ರಮವೂ ಹೋಲುತ್ತದೆಯೇ? ಪ್ರತಿಯೊಂದು ಅಂಶ ತನ್ನ ಕಥೆಯಲ್ಲಿ ಮಾಡುವ ಕೆಲಸ ಯಾವುದು?

ಈವಾ ಇಬಟ್ಸನ್ ಅವರ ‘ದಿ ಸೀಕ್ರೆಟ್ ಆಫ್ ಪ್ಲಾಟ್‌ಫಾರ್ಮ್ 13’ (1994) ಇದಕ್ಕೆ ಒಳ್ಳೆಯ ಪರೀಕ್ಷೆ. ಲಂಡನ್ನಿನ ಕಿಂಗ್ಸ್ ಕ್ರಾಸ್ ರೈಲು ನಿಲ್ದಾಣದ ಒಂದು ಪ್ಲಾಟ್‌ಫಾರ್ಮಿನ ಕೆಳಗೆ ಮಾಯಾಲೋಕಕ್ಕೆ ದಾರಿ. ಶ್ರೀಮಂತರ ಮನೆಯಲ್ಲಿ ಮುದ್ದಿನಿಂದ ಕೆಟ್ಟ ಒಬ್ಬ ಹುಡುಗ. ಅದೇ ಮನೆಯಲ್ಲಿ ಚಾಕರಿ ಮಾಡುತ್ತ ತಾತ್ಸಾರಕ್ಕೆ ಒಳಗಾದ ಇನ್ನೊಬ್ಬ. ಪಟ್ಟಿಯಲ್ಲಿ ಇದು ರೌಲಿಂಗ್ ಅವರ ಮೊದಲ ಕಾದಂಬರಿಗೆ ಬಲು ಹತ್ತಿರ. ಆದರೆ ಇಬಟ್ಸನ್ ಅವರದು ಕಳೆದುಹೋದ ರಾಜಕುಮಾರನ ಕಥೆ. ಹುಡುಕಿಕೊಂಡು ಬಂದವರು ತಪ್ಪು ಹುಡುಗನನ್ನು ರಾಜಕುಮಾರನೆಂದು ನಂಬುತ್ತಾರೆ. ನಿಜವಾದವನು ಕಣ್ಣೆದುರೇ ಇದ್ದರೂ ಅವರು ಗುರುತಿಸುವುದಿಲ್ಲ. ಓದುಗನ ತಳಮಳ ಹುಟ್ಟುವುದು ಆ ತಪ್ಪಿನಿಂದ. ರೌಲಿಂಗ್ ಅವರಲ್ಲಿ ಹ್ಯಾರಿ ಯಾರೆಂಬುದು ಇಡೀ ಮಾಂತ್ರಿಕ ಜಗತ್ತಿಗೆ ಗೊತ್ತು, ಅವನೊಬ್ಬನಿಗೆ ಮಾತ್ರ ಗೊತ್ತಿಲ್ಲ. ಒಂದೇ ಜೋಡಿ ಹುಡುಗರು, ಒಂದೇ ನಿಲ್ದಾಣ. ಅರಿವು ಹಂಚಿಕೆಯಾದ ರೀತಿ ಮಾತ್ರ ತಲೆಕೆಳಗು. ಆದ್ದರಿಂದ ಇದು ಮೂರನೆಯ ಬಗೆಯ ಸಂವಾದ. ಇಬಟ್ಸನ್ ಅವರೂ ಆರೋಪ ಹೊರಿಸದೆ, ಲೇಖಕರೆಲ್ಲ ಒಬ್ಬರಿಂದೊಬ್ಬರು ಪಡೆಯುವವರೇ ಎಂಬ ಧಾಟಿಯಲ್ಲಿ ಮಾತನಾಡಿದರು.

ಈಗ ನಿಜವಾದ ಎರವಲಿನ ಕಡೆಗೆ. ಇ. ನೆಸ್ಬಿಟ್ ಅವರ ‘ದಿ ಮ್ಯಾಜಿಕ್ ವರ್ಲ್ಡ್’ (1912) ಸಂಕಲನದಲ್ಲಿ ‘ದಿ ಆಂಟ್ ಅಂಡ್ ಅಮಬೆಲ್’ ಎಂಬ ಕಥೆಯಿದೆ. ತಪ್ಪು ಮಾಡಿ ಶಿಕ್ಷೆಗೊಳಗಾದ ಅಮಬೆಲ್‌ಗೆ ಕೋಣೆಯಲ್ಲಿ ರೈಲು ವೇಳಾಪಟ್ಟಿಯೊಂದು ಸಿಗುತ್ತದೆ. ಅತಿಥಿ ಕೋಣೆಯ ದೊಡ್ಡ ಬಟ್ಟೆ ಬೀರುವಿನ ಹೆಸರನ್ನೇ ಹೊತ್ತ ನಿಲ್ದಾಣ ಅದರಲ್ಲಿದೆ. ಅವಳು ಬೀರುವಿನೊಳಗೆ ಕಾಲಿಟ್ಟು ಬೇರೊಂದು ಲೋಕಕ್ಕೆ ಹೋಗುತ್ತಾಳೆ. ಸಿ.ಎಸ್. ಲೂಯಿಸ್ ಅವರ ‘ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್’ (1950) ಕಾದಂಬರಿಯ ಲೂಸಿಯೂ ಬೀರುವಿನ ಮೂಲಕವೇ ನಾರ್ನಿಯಾಕ್ಕೆ ಹೋಗುತ್ತಾಳೆ. ಅಲ್ಲಿ ಎದುರಾದ ಫಾನ್ ಅವಳ ಮಾತನ್ನು ತಪ್ಪಾಗಿ ಕೇಳಿಸಿಕೊಂಡು ಅತಿಥಿ ಕೋಣೆಯನ್ನು ಒಂದು ದೇಶವೆಂದೂ ಬೀರುವನ್ನು ಒಂದು ನಗರವೆಂದೂ ತಿಳಿಯುತ್ತಾನೆ. ಕೋಣೆಯ ಪೀಠೋಪಕರಣ ಊರಿನ ಹೆಸರಾಗುವ ಈ ಚಮತ್ಕಾರ ಎರಡು ಕಡೆ ಆಕಸ್ಮಿಕವಾಗಿ ಹುಟ್ಟಿತೆಂದು ನಂಬುವುದು ಕಷ್ಟ. ಇಷ್ಟೇ ಅಲ್ಲ, ನೆಸ್ಬಿಟ್ ಅವರ ‘ದಿ ಸ್ಟೋರಿ ಆಫ್ ದಿ ಅಮ್ಯುಲೆಟ್’ನಲ್ಲಿ (1906) ಬ್ಯಾಬಿಲೋನಿನ ರಾಣಿ ಲಂಡನ್ನಿಗೆ ಬಂದು ರಂಪ ಎಬ್ಬಿಸುತ್ತಾಳೆ, ಲೂಯಿಸ್ ಅವರ ‘ದಿ ಮ್ಯಾಜಿಶಿಯನ್ಸ್ ನೆಫ್ಯೂ’ನಲ್ಲಿ (1955) ರಾಣಿ ಜೇಡಿಸ್ ಅದೇ ಲಂಡನ್ನಿನಲ್ಲಿ ಅದನ್ನೇ ಮಾಡುತ್ತಾಳೆ. ಬಾಲ್ಯದಲ್ಲಿ ‘ಅಮ್ಯುಲೆಟ್’ ತಮ್ಮನ್ನು ಆವರಿಸಿಕೊಂಡ ಬಗೆಯನ್ನು ಲೂಯಿಸ್ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಇಷ್ಟು ಸ್ಪಷ್ಟವಾದ ಋಣವನ್ನು ಕಳವು ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಪಡೆದ ವಸ್ತುವಿನ ಕೆಲಸ ಬದಲಾಗಿದೆ. ನೆಸ್ಬಿಟ್ ಅವರ ಬೀರು ಮನನೊಂದ ಮಗುವನ್ನು ಸಂತೈಸಿ, ಚಿಕ್ಕಮ್ಮನೊಡನೆ ರಾಜಿಯಾಗಲು ಮರಳಿ ಕಳಿಸುತ್ತದೆ. ಪಯಣ ಮುಗಿಯುವುದು ಮನೆಯಲ್ಲೇ. ಲೂಯಿಸ್ ಅವರ ಬೀರುವಿನ ಆಚೆಗಿನ ಲೋಕಕ್ಕೆ ತನ್ನದೇ ಯುದ್ಧ, ತನ್ನದೇ ಇತಿಹಾಸ ಇವೆ. ಮಕ್ಕಳು ಅಲ್ಲಿ ಬೆಳೆದು ರಾಜ್ಯವಾಳುತ್ತಾರೆ. ಬ್ಯಾಬಿಲೋನಿನ ರಾಣಿ ಲಂಡನ್ನಿನ ಕೂಲಿಕಾರರ ದುಸ್ಥಿತಿ ಕಂಡು ಪ್ರಶ್ನೆಯೆತ್ತುತ್ತಾಳೆ, ಅವಳ ಮೂಲಕ ನೆಸ್ಬಿಟ್ ಅವರ ಸಮಾಜವಾದ ಮಾತನಾಡುತ್ತದೆ. ಜೇಡಿಸ್‌ಗೆ ಜನರು ಕಣ್ಣಿಗೇ ಬೀಳುವುದಿಲ್ಲ, ಮತ್ತು ಲೂಯಿಸ್ ತೋರಿಸಬೇಕೆಂದಿರುವುದು ಅದನ್ನೇ.

ಇದರ ಪಕ್ಕದಲ್ಲಿ ನ್ಯಾಯಾಲಯ ತಲುಪಿದ ಆರೋಪಗಳು ತೀರ ತೆಳುವಾಗಿ ಕಾಣುತ್ತವೆ. ಅಮೆರಿಕದ ನ್ಯಾನ್ಸಿ ಸ್ಟೌಫರ್, ‘ಮಗಲ್’ ಎಂಬ ಪದವೂ ಪಾಟರ್ ಎಂಬ ಮನೆತನದ ಹೆಸರೂ ತನ್ನವೆಂದು ವಾದಿಸಿದರು. ಅವರ ಮಗಲ್‌ಗಳು ಪುಟ್ಟ ವಿಚಿತ್ರ ಜೀವಿಗಳು, ರೌಲಿಂಗ್ ಅವರ ಮಗಲ್‌ಗಳು ಮಾಟ ತಿಳಿಯದ ಸಾಮಾನ್ಯ ಮನುಷ್ಯರು. 2002ರಲ್ಲಿ ನ್ಯೂಯಾರ್ಕ್ ನ್ಯಾಯಾಲಯ ಅವರ ವಾದವನ್ನು ತಳ್ಳಿಹಾಕಿತು. ತಿದ್ದಿದ ದಾಖಲೆ ಒಪ್ಪಿಸಿದ್ದಕ್ಕಾಗಿ 50,000 ಡಾಲರ್ ದಂಡವನ್ನೂ ವಿಧಿಸಿತು. ಏಡ್ರಿಯನ್ ಜೇಕಬ್ಸ್ ಅವರ ‘ವಿಲ್ಲಿ ದಿ ವಿಜರ್ಡ್’ (1987) ಸುಮಾರು 36 ಪುಟಗಳ ಕೃತಿ. ಮಾಂತ್ರಿಕರ ಸ್ಪರ್ಧೆ, ಸ್ನಾನದ ಮನೆಯಲ್ಲಿ ಸ್ಪರ್ಧೆಯ ಗುಟ್ಟು ಹೊಳೆಯುವುದು, ಒತ್ತೆಯಾಳುಗಳ ಬಿಡುಗಡೆ ಇವು ರೌಲಿಂಗ್ ಅವರ ‘ಗಾಬ್ಲೆಟ್ ಆಫ್ ಫೈರ್’ಗೆ (2000) ಹೋದವೆಂದು ಅವರ ಎಸ್ಟೇಟ್ ದಾವೆ ಹೂಡಿತು. ಅಮೆರಿಕದಲ್ಲಿ ನ್ಯಾಯಾಧೀಶೆ ಶೀರಾ ಶೈಂಡ್ಲಿನ್ 2011ರಲ್ಲಿ ಅದನ್ನು ವಜಾ ಮಾಡಿದರು. ಇಂಗ್ಲೆಂಡಿನಲ್ಲಿ ದಾವೆಯನ್ನು ಮೊದಲ ಹಂತದಲ್ಲೇ ತಳ್ಳಿಹಾಕಲು ನ್ಯಾಯಾಧೀಶರು ಒಪ್ಪಲಿಲ್ಲವಾದರೂ ಗೆಲುವು ಅಸಂಭವವೆಂದರು. ಎದುರಾಳಿಗಳ ದಾವೆ ವೆಚ್ಚಕ್ಕೆ ಭದ್ರತೆಯಾಗಿ ನ್ಯಾಯಾಲಯ ಕೇಳಿದ ಹಣವನ್ನು ವಾದಿಗಳು ಕಟ್ಟಲಿಲ್ಲ, ಪ್ರಕರಣ ಅಲ್ಲಿಗೆ ಮುಗಿಯಿತು.

ಇಲ್ಲೊಂದು ಗಂಭೀರ ಆಕ್ಷೇಪವಿದೆ. ಈ ಅಳತೆಗೋಲು ದೊಡ್ಡ ಪ್ರಕಾಶಕರಿಗೆ ಅನುಕೂಲ, ಹೆಸರಿಲ್ಲದ ಲೇಖಕರಿಗೆ ಮಾರಕ ಎನ್ನಬಹುದು. ವೆಚ್ಚದ ಭದ್ರತೆ ಕಟ್ಟಲಾಗದೆ ದಾವೆ ನಿಂತುಹೋದದ್ದನ್ನು ನೋಡಿದರೆ, ನ್ಯಾಯಾಲಯದ ಬಾಗಿಲು ಹಣವಂತರಿಗೆ ಸುಲಭವಾಗಿ ತೆರೆಯುತ್ತದೆಂಬುದನ್ನು ನಾನು ಒಪ್ಪಲೇಬೇಕು. ಆದರೆ ಅದು ನ್ಯಾಯದಾನದ ಕೊರತೆ, ಅಳತೆಗೋಲಿನದಲ್ಲ. ಅದೇ ಗೋಲು ಬಲಿಷ್ಠರನ್ನೂ ಅಳೆಯುತ್ತದೆ. 2008ರಲ್ಲಿ ‘ಹರಿ ಪುತ್ತರ್’ ಎಂಬ ಹಿಂದಿ ಚಿತ್ರದ ವಿರುದ್ಧ ವಾರ್ನರ್ ಬ್ರದರ್ಸ್ ದೆಹಲಿ ಹೈಕೋರ್ಟಿಗೆ ಹೋದಾಗ, ಹೆಸರಿನ ಸದ್ದಷ್ಟೇ ಹೋಲುತ್ತಿದ್ದ ಆ ಚಿತ್ರಕ್ಕೆ ತಡೆ ಸಿಗಲಿಲ್ಲ. ರಷ್ಯಾದ ದ್ಮಿತ್ರಿ ಯೆಮೆಟ್ಸ್ ಅವರ ‘ತಾನ್ಯಾ ಗ್ರೋಟ್ಟರ್’ (2002) ಅನಾಥ ಮಗುವಿನಿಂದ ಮಾಟದ ಶಾಲೆಯವರೆಗೆ ಪಾಟರ್ ಕಥೆಯ ಹೆಜ್ಜೆಯಲ್ಲೇ ಸಾಗುತ್ತದೆ. ಅದರ ಡಚ್ ಅನುವಾದವನ್ನು ಆಮ್‌ಸ್ಟರ್‌ಡ್ಯಾಮಿನ ನ್ಯಾಯಾಲಯ 2003ರಲ್ಲಿ ತಡೆಯಿತು. ಒಂದರಲ್ಲಿ ಹೋಲಿದ್ದು ಹೆಸರು, ಇನ್ನೊಂದರಲ್ಲಿ ಕಥೆಯ ಕ್ರಮ.

ಎರಡನೆಯ ಆಕ್ಷೇಪ ಇನ್ನೂ ಕಠಿಣವಾದದ್ದು: ಬರೆದವರಿಗೇ ಅರಿವಿಲ್ಲದೆ ನೆನಪು ಎರವಲು ತಂದರೆ? 1891ರಲ್ಲಿ ಹನ್ನೊಂದರ ಹೆಲನ್ ಕೆಲರ್ ‘ದಿ ಫ್ರಾಸ್ಟ್ ಕಿಂಗ್’ ಎಂಬ ಕಥೆ ಬರೆದು ಪರ್ಕಿನ್ಸ್ ಅಂಧರ ಶಾಲೆಯ ಮುಖ್ಯಸ್ಥ ಮೈಕೆಲ್ ಅನಾಗ್ನೋಸ್ ಅವರಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಕೊಟ್ಟಳು. ಅಚ್ಚಾದ ಮೇಲೆ ಅದು ಮಾರ್ಗರೆಟ್ ಕ್ಯಾನ್ಬಿಯವರ ಕಥೆಯೊಂದಕ್ಕೆ ಘಟನೆಯಲ್ಲೂ ಮಾತಿನಲ್ಲೂ ಸಮೀಪವಾಗಿದೆ ಎಂದು ತಿಳಿಯಿತು. ಆ ಕಥೆಯನ್ನು ಹಿಂದೆಂದೋ ಅವಳ ಅಂಗೈ ಮೇಲೆ ಬೆರಳಕ್ಷರಗಳಲ್ಲಿ ಓದಿ ಹೇಳಿದ್ದಿರಬೇಕು. ಅವಳಿಗೆ ಅದು ನೆನಪಿರಲಿಲ್ಲ. ಶಾಲೆಯ ವಿಚಾರಣಾ ಮಂಡಳಿಯ ಮುಂದೆ ಆ ಮಗುವನ್ನು ನಿಲ್ಲಿಸಿ ಪ್ರಶ್ನಿಸಿದ್ದು ಕ್ರೂರ ನಡೆ ಎಂದೇ ನಾನು ಭಾವಿಸುತ್ತೇನೆ. ತಾನು ಬರೆಯುವುದು ತನ್ನದೋ ಅಲ್ಲವೋ ಎಂಬ ಭಯ ಅವಳನ್ನು ವರ್ಷಗಟ್ಟಲೆ ಕಾಡಿತು. ಆದರೂ ಇಲ್ಲಿ ಸಾಮ್ಯ ನಿಜ: ಕ್ರಮವೂ ಅದೇ, ನುಡಿಯೂ ಬಹುಪಾಲು ಅದೇ, ಪ್ರತಿಯೊಂದು ಅಂಶದ ಕೆಲಸವೂ ಅದೇ. ಅರಿವಿಲ್ಲದ ಎರವಲನ್ನೂ ಈ ಪರೀಕ್ಷೆ ಹಿಡಿಯುತ್ತದೆ. ಅದು ಹೇಳುವುದು ಕೃತಿಯ ಬಗ್ಗೆ ಮಾತ್ರ. ಬರೆದವರ ಪ್ರಾಮಾಣಿಕತೆಯ ತೀರ್ಪು ಅದರಲ್ಲಿಲ್ಲ. ಈ ಎರಡನ್ನೂ ಬೆಸೆದದ್ದರಿಂದಲೇ ಆ ಮಗುವಿಗೆ ಅನ್ಯಾಯವಾಯಿತು.

ಲೆಗ್ವಿನ್ ಅವರ ತಕರಾರು ಬೇರೆಯದೇ ಜಾತಿಗೆ ಸೇರಿದ್ದು. ರೌಲಿಂಗ್ ತನ್ನಿಂದ ಕದ್ದರೆಂದು ಅವರು ಹೇಳಲಿಲ್ಲ. ಹಿಂದಿನವರ ಬಗ್ಗೆ ಇನ್ನಷ್ಟು ಉದಾರವಾಗಿ ಮಾತನಾಡಬಹುದಿತ್ತು ಎಂದರು, ಮತ್ತು ಪಾಟರ್ ಕಥೆಯನ್ನು ಅಪೂರ್ವವೆಂದು ಹೊಗಳಿದ ವಿಮರ್ಶಕರ ಬಗ್ಗೆ ಬೇಸರಪಟ್ಟರು. ಈ ದೂರಿಗೆ ಯಾವ ನ್ಯಾಯಾಲಯದಲ್ಲೂ ಪರಿಹಾರವಿಲ್ಲ, ಅದಕ್ಕೆ ಉತ್ತರ ಕೊಡಬೇಕಾದವರು ನಾವು, ಸಾಹಿತ್ಯ ಚರಿತ್ರೆ ಬರೆಯುವವರು. ಲೂಯಿಸ್ ‘ಮ್ಯಾಜಿಶಿಯನ್ಸ್ ನೆಫ್ಯೂ’ ಆರಂಭದಲ್ಲೇ ನೆಸ್ಬಿಟ್ ಅವರ ಬ್ಯಾಸ್ಟಬಲ್ ಮಕ್ಕಳ ಹೆಸರು ತಂದು ಋಣವನ್ನು ಕಥೆಯೊಳಗೇ ಒಪ್ಪಿಕೊಂಡಿದ್ದರು. ಪಾಟರ್ ಯಶಸ್ಸಿನ ನಂತರ ಡಯಾನಾ ವಿನ್ ಜೋನ್ಸ್ ಅವರ ಹಳೆಯ ಕಾದಂಬರಿಗಳು ಮರುಮುದ್ರಣಗೊಂಡು ಹೊಸ ಓದುಗರನ್ನು ಪಡೆದವು. ಅವರ ‘ಚಾರ್ಮ್ಡ್ ಲೈಫ್’ನ (1977) ಅನಾಥ ಹುಡುಗ ಕ್ಯಾಟ್‌ಗೂ ತನ್ನಲ್ಲಿ ಮಾಂತ್ರಿಕ ಶಕ್ತಿಯಿದೆ ಎಂಬುದು ತಿಳಿದಿಲ್ಲ. ಸಾಮ್ಯದ ಪಟ್ಟಿಯಲ್ಲಿ ಇದು ಹ್ಯಾರಿಯ ಪಕ್ಕದಲ್ಲೇ ಕೂರುತ್ತದೆ. ಆದರೆ ಕ್ಯಾಟ್‌ಗೆ ತಿಳಿಯದಿರಲು ಕಾರಣ, ಅವನು ನಂಬಿ ಆತುಕೊಂಡಿದ್ದ ಅಕ್ಕನೇ ಅವನ ಶಕ್ತಿಯನ್ನು ಹೀರಿ ಬಳಸುತ್ತಿದ್ದುದು.