ಸೂಜಿಯಿಂದ ಗಾಳ

ಕ್ರಿ. ಶ. 1496ರಲ್ಲಿ ಇಂಗ್ಲೆಂಡಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ವಿಂಕಿನ್ ಡಿ ವರ್ಡ್ ಎಂಬ ಮುದ್ರಕನು ಬೇಟೆಯ ಗ್ರಂಥವೊಂದನ್ನು ಮರಳಿ ಅಚ್ಚುಹಾಕುವಾಗ, ವಿನೋದಾರ್ಥವಾಗಿ ಗಾಳದಿಂದ ಮೀನು ಹಿಡಿಯುವುದನ್ನು ಕುರಿತ ಪ್ರಬಂಧವನ್ನೂ ಅದರಲ್ಲಿ ಸೇರಿಸಿದನು. ಅದು ಜೂಲಿಯಾನಾ ಬರ್ನರ್ಸ್ ಎಂಬ ಸಂನ್ಯಾಸಿನಿಯ ಕೃತಿಯೆಂದು ಪ್ರತೀತಿ, ಆಧಾರವೇನೋ ಬಲವಾದುದಲ್ಲ.

ಗಾಳವನ್ನು ಮಾಡುವುದೇ ಸಲಕರಣೆಗಳಲ್ಲೆಲ್ಲ ಕಠಿನತಮವಾದ ಕೆಲಸವೆಂದು ಆ ಪ್ರಬಂಧದ ಅಭಿಪ್ರಾಯ. ಅಂದು ಗಾಳವನ್ನು ಆರಿಸುವುದೆಂದರೆ ಸೂಜಿಯನ್ನು ಆರಿಸುವುದೇ ಆಗಿದ್ದಿತು. ಸಣ್ಣ ಮೀನಿಗೆ ದೊರೆತಷ್ಟು ಸಣ್ಣ ಉಕ್ಕಿನ ಸೂಜಿ. ಅದಕ್ಕಿಂತ ದೊಡ್ಡದಕ್ಕೆ ಕಸೂತಿಯವರ ಅಥವಾ ದರ್ಜಿಗಳ ಸೂಜಿ. ಭಾರಿ ಮೀನಿಗೆ ಪಾದರಕ್ಷೆ ಹೊಲಿಯುವವರ ದಬ್ಬಳ.

ಸೂಜಿಯನ್ನು ಇದ್ದಲಿನ ಬೆಂಕಿಯಲ್ಲಿ ಕೆಂಪಗೆ ಕಾಸಿ ಆರಲು ಬಿಟ್ಟರೆ ಉಕ್ಕು ಮೆದುವಾಗುವುದು. ಆಗ ಚಾಕುವಿನಿಂದ ಹಿಮ್ಮುಳ್ಳನ್ನೆಬ್ಬಿಸಿ, ಮೊನೆಯನ್ನು ಹರಿತಮಾಡಿ, ಮತ್ತೊಮ್ಮೆ ಕಾಸಬೇಕು. ಈ ಎರಡನೆಯ ಕಾವನ್ನು ತಪ್ಪಿಸಿದವನ ಸೂಜಿ ಬಾಗಿಸುವಾಗಲೇ ಮುರಿಯುವುದು. ಬಾಗಿಸಿದ ಮೇಲೆ ಹಿಂತುದಿಯನ್ನು ಬಡಿದು ಅಗಲಿಸಿ, ದಾರ ಸವೆಯದಂತೆ ಅರದಿಂದ ನುಣುಪುಮಾಡುವುದು. ಕಡೆಗೆ ಹದವಾಗಿ ಕಾಸಿ ತಟ್ಟನೆ ನೀರಿನಲ್ಲಿ ಅದ್ದಿದರೆ ಉಕ್ಕು ಮತ್ತೆ ಗಡುಸಾಗುವುದು. ಇಲ್ಲವಾದರೆ ದೊಡ್ಡ ಮೀನಿನ ಎಳೆತಕ್ಕೆ ಗಾಳವು ನೆಟ್ಟಗಾಗಿ, ಹಿಡಿದ ಮೀನೂ ಜಾರಿಹೋಗುವುದು.

ಮುಂದೆ ಸೂಜಿಗೆ ಹೆಸರಾದ ರೆಡಿಚ್ ಪಟ್ಟಣವೇ ಗಾಳಕ್ಕೂ ಹೆಸರಾಯಿತು, ಇದು ಆಕಸ್ಮಿಕವಲ್ಲ. ಇಂದಿಗೂ ಹೊಲಿಗೆಯ ಸೂಜಿಯಲ್ಲಿರುವಂತೆಯೇ ಸಾಮಾನ್ಯ ಗಾಳದಲ್ಲಿಯೂ ಸಂಖ್ಯೆ ಹೆಚ್ಚಿದಷ್ಟೂ ಗಾತ್ರ ಕಿರಿದು.