ಕನ್ನಡದ ಊಟ ತಿಂದ ಇಲಿ 185 ಗ್ರಾಂ ತೂಗಿತ್ತು

ಈ ಸಲದ ಎಪಿಸೋಡ್ ಶುರುವಾಗಿದ್ದು ಮುಳಬಾಗಿಲಿನ ನಮ್ಮ ಮನೆಯಲ್ಲಿ, ಒಂದು ಚಮಚ ತುಪ್ಪದ ಜಗಳದಿಂದ.

ಅಪ್ಪನಿಗೆ ಸ್ಟೆಂಟ್ ಹಾಕಿ ಮೂರು ತಿಂಗಳಾಗಿತ್ತು. ಬಿಸಿ ಮುದ್ದೆ ಮೇಲೆ ಅಜ್ಜಿ ತುಪ್ಪ ಹಾಕೋಕೆ ಹೋದ್ರು, ಅಮ್ಮ ಅವರ ಕೈ ಹಿಡಿದ್ರು. ಅಷ್ಟರಲ್ಲಿ ಚಿಕ್ಕಪ್ಪ ಮೊಬೈಲ್ ತೆಗೆದು, "ಅತ್ತಿಗೆ, ಇಲಿಗಳ ಮೇಲೇ ಪ್ರಯೋಗ ಮಾಡಿದ್ದಾರಂತೆ, ತುಪ್ಪ ತಿಂದ್ರೆ ಆಯಸ್ಸು ಜಾಸ್ತಿ" ಅಂದ್ರು. ಯಾವ ಇಲಿ? ಎಲ್ಲಿಯ ಪ್ರಯೋಗ? ನಾನು ಓದಿದ್ದು ಬಿ.ಕಾಂ., ಆದ್ರೂ ಹುಡುಕೋಕೆ ಕೂತೆ.

ಮೊದಲು ಸಿಕ್ಕಿದ್ದು ನೀಲಗಿರಿಯ ಕೂನೂರು. ಅಲ್ಲಿ 1920ರ ದಶಕದಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಅನ್ನೋ ಬ್ರಿಟಿಷ್ ವೈದ್ಯರು ಇಲಿಗಳನ್ನ ಏಳು ಗುಂಪು ಮಾಡಿ, ಒಂದೊಂದಕ್ಕೆ ನಮ್ಮ ದೇಶದ ಒಂದೊಂದು ಜನರ ಊಟ ಹಾಕಿದ್ರು. ಸಿಖ್ಖರ ಊಟ ಅಂದ್ರೆ ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿ. ಅದನ್ನ ತಿಂದ ಇಲಿಗಳ ಸರಾಸರಿ ತೂಕ 235 ಗ್ರಾಂ. ಮದ್ರಾಸಿನ ಊಟ ತಿಂದವು 155 ಗ್ರಾಂ. ಏಳರಲ್ಲಿ ನಮ್ಮ ಕನ್ನಡಿಗರ ಊಟವೂ ಇತ್ತು. ಅದಕ್ಕೆ ಐದನೇ ಸ್ಥಾನ, 185 ಗ್ರಾಂ.

ಹಾಗಾದ್ರೆ ಚಿಕ್ಕಪ್ಪ ಗೆದ್ರಾ? ಸ್ವಲ್ಪ ತಾಳಿ. ಸಿಖ್ಖರ ತಟ್ಟೆಯಲ್ಲಿ ಬೆಣ್ಣೆ ಒಂದೇ ಇರಲಿಲ್ಲ. ಹಾಲು, ಗೋಧಿ, ಸೊಪ್ಪು ಎಲ್ಲಾ ಇತ್ತು. ಇನ್ನೊಂದು ವಿಷಯ, ಅವು ಬೆಳೆಯೋ ವಯಸ್ಸಿನ ಮರಿಗಳು. ಮೆಕ್‌ಕ್ಯಾರಿಸನ್ ತೂಗಿ ನೋಡಿದ್ದು ಬೆಳವಣಿಗೆಯನ್ನ, ಆಯಸ್ಸನ್ನಲ್ಲ.

ಆಯಸ್ಸು ಲೆಕ್ಕ ಹಾಕಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ. ಕೆಲವು ಇಲಿಗಳಿಗೆ ವಿಟಮಿನ್, ಖನಿಜ ಕಡಿಮೆಯಾಗದ ಹಾಗೆ ನೋಡಿಕೊಂಡು ಕ್ಯಾಲೊರಿ ಮಾತ್ರ ಕಡಿಮೆ ಮಾಡಿದ್ರು. 1935ರಲ್ಲಿ ಬಂದ ಫಲಿತಾಂಶ ಎಲ್ಲರಿಗೂ ಆಶ್ಚರ್ಯ ತಂತು: ಸಣ್ಣಗೇ ಉಳಿದ ಇಲಿಗಳು ಹೆಚ್ಚು ಕಾಲ ಬದುಕಿದ್ವು! ಕೂನೂರಿನ ತಕ್ಕಡಿಯಲ್ಲಿ ಕೂರಿಸಿದ್ರೆ ಇವು ಸೋತ ಇಲಿಗಳು.

ಇನ್ನು ರಕ್ತನಾಳದ ಕಥೆ. ಅದು ಇನ್ನೂ ಹಳೇದು. 1913ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಿಕೊಲಾಯ್ ಅನಿಚ್ಕೊವ್ ಮೊಲಗಳಿಗೆ ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟ್ರಾಲ್ ಕೊಟ್ಟರು. ಮೊಲದ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿಕೊಳ್ತು. ಅದೇ ಪ್ರಯೋಗವನ್ನ ಇಲಿಗೆ ಮಾಡಿದ್ರೆ ಅಷ್ಟು ಸುಲಭಕ್ಕೆ ಹಾಗಾಗಲ್ಲ. ಮೊಲ ಹುಲ್ಲು ತಿನ್ನೋ ಪ್ರಾಣಿ, ಅದರ ಆಹಾರದಲ್ಲಿ ಕೊಲೆಸ್ಟ್ರಾಲ್ ಇಲ್ಲವೇ ಇಲ್ಲ ಅನ್ನಬಹುದು. ಇಲಿ ಸಿಕ್ಕಿದ್ದೆಲ್ಲಾ ತಿನ್ನುತ್ತೆ, ಅದರ ದೇಹ ಕೊಲೆಸ್ಟ್ರಾಲನ್ನ ಬೇರೆ ಥರ ಸಂಭಾಳಿಸುತ್ತೆ. ಮೊಲವನ್ನಷ್ಟೇ ನೋಡಿದ್ರೆ ಭಯ ಜಾಸ್ತಿ, ಇಲಿಯನ್ನಷ್ಟೇ ನೋಡಿದ್ರೆ ಧೈರ್ಯ ಜಾಸ್ತಿ.

ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಬ್ಯಾಲೆನ್ಸ್ ಶೀಟಿನ ಒಂದೇ ಸಾಲು ಓದಿ ಶೇರು ಕೊಳ್ಳಬಾರದು. ಕೋಲಾರ, ಮಾಲೂರು, ಶ್ರೀನಿವಾಸಪುರ, ಎಲ್ಲಿಂದ ಕೇಳ್ತಿದ್ರೂ ಸರಿ, "ಇಲಿ ಮೇಲೆ ಸಾಬೀತಾಗಿದೆ" ಅಂತ ಫಾರ್ವರ್ಡ್ ಬಂದ್ರೆ ಮೂರು ಪ್ರಶ್ನೆ ಕೇಳಿ: ಯಾವ ಪ್ರಾಣಿ? ಯಾವ ವಯಸ್ಸಿಂದು? ಏನನ್ನ ಅಳೆದ್ರು?

ಅಪ್ಪನಿಗೆ ತುಪ್ಪ ಎಷ್ಟು ಅನ್ನೋದನ್ನ ಅವರ ರಿಪೋರ್ಟ್ ನೋಡಿದ ಡಾಕ್ಟರ್ ಹತ್ರಾನೇ ಕೇಳಿದ್ವಿ. ವಾರಕ್ಕೆ ಒಂದು ಸಲ, ಅದೂ ಅರ್ಧ ಚಮಚ ಅಂದ್ರು. ಕೂನೂರಿನ ಕಥೆಯನ್ನ ಅಜ್ಜಿಗೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ಬೆಳೆಯೋ ಮರಿಗೆ ಹಾಕ್ತೀನಿ ಬಿಡು" ಅಂತ ತುಪ್ಪದ ಡಬ್ಬಿಯನ್ನ ಅಕ್ಕನ ಮಗನ ತಟ್ಟೆ ಕಡೆ ತಿರುಗಿಸಿದ್ರು. ಅವನಿಗೆ ಈಗ ಮೂರು ವರ್ಷ.