ಕೈಗೆ ಬಾರದ ನಾಯಕತ್ವ

ಅದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕ. ಪುಣೆಯ ಬಿಳಿಯರ ಕ್ಲಬ್ಬಿನ ಕ್ರಿಕೆಟ್ ಮೈದಾನದಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳಕ್ಕೆ ರೋಲರ್ ಎಳೆಯುವ, ನೆಟ್ ಕಟ್ಟುವ ತರುಣರೊಬ್ಬರಿದ್ದರು. ಹುಟ್ಟೂರು ಧಾರವಾಡ, ಕುಲ ಚಮ್ಮಾರರದು, ಹೆಸರು ಪಲವಂಕರ ಬಾಲೂ. ಸೈನ್ಯದ ಚಾಕರಿ ತಂದೆಯನ್ನೂ ಮಕ್ಕಳನ್ನೂ ಪುಣೆಗೆ ಕರೆತಂದಿತ್ತು. ಅಧಿಕಾರಿಗಳು ಬಿಸಾಡಿದ ಚೆಂಡು ಬ್ಯಾಟುಗಳೇ ಆ ಹುಡುಗರಿಗೆ ಗುರು.

ಕ್ಯಾಪ್ಟನ್ ಜೆ.ಜಿ. ಗ್ರೇಗ್ ಆ ಕಾಲದ ಹೆಸರಾಂತ ಬ್ಯಾಟುಗಾರ. ತಾಸುಗಟ್ಟಲೆ ಬಾಲೂ ಅವರ ಎಡಗೈ ಸ್ಪಿನ್ನಿಗೆ ಎದುರು ನಿಂತೇ ಆತ ತನ್ನ ಆಟವನ್ನು ತಿದ್ದಿಕೊಂಡ. ತನ್ನನ್ನು ಔಟು ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂಬ ಮಾತೂ ಉಂಟು. ಆದರೆ ಬಾಲೂ ಅವರ ಕೈಗೆ ಆ ಕ್ಲಬ್ಬಿನಲ್ಲಿ ಯಾರೂ ಬ್ಯಾಟು ಕೊಡಲಿಲ್ಲ.

ಬಿಳಿಯರನ್ನು ಸೋಲಿಸಬೇಕೆಂಬ ಛಲ ಪುಣೆಯ ಹಿಂದೂ ಕ್ಲಬ್ಬಿಗಿತ್ತು. ಬಾಲೂ ಇಲ್ಲದೆ ಅದು ಕೈಗೂಡದೆಂಬ ತಿಳಿವಳಿಕೆಯೂ ಇತ್ತು. ಬಹಳ ವಾದವಿವಾದಗಳಾದ ಮೇಲೆ ಅವರನ್ನು ಸೇರಿಸಿಕೊಂಡರು. ಮೈದಾನದೊಳಗೆ ಎಲ್ಲರೂ ಮುಟ್ಟುವ ಚೆಂಡು ಒಂದೇ. ಚಹಾದ ಹೊತ್ತಿಗೆ ಮಾತ್ರ ಬಾಲೂ ಹೊರಗೆ ನಿಲ್ಲಬೇಕು, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಕುಡಿಯಬೇಕು, ಊಟಕ್ಕೂ ಬೇರೆಯೇ ಕೂರಬೇಕು.

1896ರ ಪ್ಲೇಗಿನ ಕಾಲದಲ್ಲಿ ಬಾಲೂ ಮುಂಬಯಿಗೆ ಹೋದರು. ರೈಲ್ವೆಯಲ್ಲಿ ಕೆಲಸ ಸಿಕ್ಕಿತು, ಹಿಂದೂ ಜಿಮಖಾನಾದ ತಂಡವೂ ಅವರನ್ನು ಕರೆಯಿತು. 1906ರ ಫೆಬ್ರವರಿಯಲ್ಲಿ ಹಿಂದೂಗಳಿಗೂ ಯೂರೋಪಿಯನ್ನರಿಗೂ ಪಂದ್ಯ ನಡೆಯಿತು. ಹಿಂದೂಗಳು 242 ಮತ್ತು 160 ರನ್ ಮಾಡಿದರು. ಆಳುವವರ ತಂಡ 191ಕ್ಕೆ ಒಮ್ಮೆ, 102ಕ್ಕೆ ಇನ್ನೊಮ್ಮೆ ಉರುಳಿತು. 109 ರನ್ನುಗಳ ಆ ಜಯದಲ್ಲಿ ಎಂಟು ವಿಕೆಟ್ ಬಾಲೂ ಅವರವು. ತಮ್ಮ ಶಿವರಾಮರೂ ಜೊತೆಗೆ ಆಡಿದ್ದರು.

1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹಡಗು ಹತ್ತಿತು. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಬಾಲೂ ಒಬ್ಬರೇ 114 ವಿಕೆಟ್ ಕಿತ್ತರು. ಅವರು ಮರಳಿ ಬಂದಾಗ ಮುಂಬಯಿಯ ದಲಿತ ಸಮುದಾಯ ಸನ್ಮಾನ ಮಾಡಿತು.

ವಿವಾದ ಹೆಡೆಯೆತ್ತಿದ್ದು ಇಲ್ಲಿಂದ ಮುಂದೆ. ಬಾಲೂ ಅನುಭವದಲ್ಲಿ ಹಿರಿಯರು, ಆಟದಲ್ಲಿ ಸರಿಸಾಟಿಯಿಲ್ಲದವರು. ಹಿಂದೂ ತಂಡದ ನಾಯಕತ್ವ ಅವರಿಗೇ ಸಲ್ಲಬೇಕೆಂಬ ಕೂಗು ವರ್ಷ ವರ್ಷವೂ ಎದ್ದಿತು. ಆಯ್ಕೆಯವರು ವರ್ಷ ವರ್ಷವೂ ಕಿವಿ ಮುಚ್ಚಿಕೊಂಡರು. ನಾಯಕರಾದ ಎಂ.ಡಿ. ಪೈ ಅವರೇ ಈ ಗೌರವ ಬಾಲೂ ಅವರಿಗೆ ಸಲ್ಲಬೇಕಿತ್ತೆಂದು ತುಂಬಿದ ಸಭೆಯಲ್ಲಿ ಹೇಳಿದ್ದುಂಟು. ಹಾಗೆ ಹೇಳಲು ದೊಡ್ಡ ಮನಸ್ಸು ಬೇಕು. ಆದರೂ ಪಟ್ಟ ಕದಲಲಿಲ್ಲ.

1920ರಲ್ಲಿ ಬಾಲೂ ಅವರನ್ನು ತಂಡದಿಂದಲೇ ಕೈಬಿಟ್ಟರು. ಪೈ ಕಾಯಿಲೆ ಬಿದ್ದಾಗ ಬಾಲೂ ಅವರ ತಮ್ಮ ವಿಠ್ಠಲರನ್ನು ದಾಟಿ ಡಿ.ಬಿ. ದೇವಧರ್ ಅವರಿಗೆ ನಾಯಕತ್ವ ಹೋಯಿತು. ಜಾತಿಯೇ ಕಾರಣವೆಂದು ಬಹಿರಂಗವಾಗಿ ಸಾರಿ ವಿಠ್ಠಲ್ ಮತ್ತು ಶಿವರಾಮ್ ತಂಡ ಬಿಟ್ಟು ಹೊರನಡೆದರು. ಅನ್ನಕ್ಕೂ ಹೆಸರಿಗೂ ಇದೇ ಆಟವನ್ನು ನೆಚ್ಚಿದವರು ಆಟವನ್ನೇ ಪಣಕ್ಕಿಟ್ಟ ಆ ನಡೆ, ನನ್ನ ಮಟ್ಟಿಗೆ, ಪಲವಂಕರರ ಮನೆತನದ ಅತಿದೊಡ್ಡ ಗೆಲುವು. ಊರಿನ ಅಭಿಪ್ರಾಯ ಅವರತ್ತ ತಿರುಗಿತು. ಮುಂದಿನ ಪಂದ್ಯಕ್ಕೆ ಬಾಲೂ ಉಪನಾಯಕರಾಗಿ ಬಂದರು, ತಮ್ಮಂದಿರೂ ಮರಳಿದರು. ಪಂದ್ಯದ ನಡುವೆ ಪೈ ಮೈದಾನ ಬಿಟ್ಟು ಹೊರಹೋಗಿ ತಂಡವನ್ನು ಸ್ವಲ್ಪ ಹೊತ್ತು ಬಾಲೂ ಅವರ ಕೈಗೊಪ್ಪಿಸಿದರು. ಅಷ್ಟರಲ್ಲಿ ಅವರಿಗೆ ನಲವತ್ತೈದರ ಆಸುಪಾಸು. ಮೊದಲ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್ ಪಡೆದ ಆ ಬದುಕು ಅಲ್ಲಿಗೆ ಮುಗಿಯಿತು.

ಅಣ್ಣನಿಗೆ ದಕ್ಕದ ಪಟ್ಟ 1923ರಲ್ಲಿ ವಿಠ್ಠಲರಿಗೆ ಬಂತು. ಅವರ ತಂಡ ಯೂರೋಪಿಯನ್ನರನ್ನು ಸೋಲಿಸಿತು, ಜನ ಅವರನ್ನು ಹೆಗಲ ಮೇಲೆ ಹೊತ್ತರು.

ಬಾಲೂ ಆಮೇಲೆ ರಾಜಕೀಯಕ್ಕೆ ಬಂದರು, ದಲಿತರ ಪ್ರಾತಿನಿಧ್ಯದ ಕುರಿತಾದ 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದರು. 1937ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸು ಅವರನ್ನು ಡಾ. ಅಂಬೇಡ್ಕರರ ಎದುರು ನಿಲ್ಲಿಸಿತು. ಒಂದು ಕಾಲಕ್ಕೆ ಬಾಲೂ ಅವರನ್ನು ಮೆಚ್ಚಿ ಕೊಂಡಾಡಿದ್ದ ಅಂಬೇಡ್ಕರರೇ ಸುಮಾರು ಎರಡು ಸಾವಿರ ಮತಗಳಿಂದ ಗೆದ್ದರು. 1955ರಲ್ಲಿ ಬಾಲೂ ತೀರಿಕೊಂಡರು.